ಯಾರದೂ ಅಲ್ಲದ ಕಡತಗಳು

ಮೂರನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್‌ಗೆ ನಮ್ಮ 7 ಜನರ ತಂಡಕ್ಕೆ ಸಿಕ್ಕಿದ್ದು ತಾಲ್ಲೂಕು ಕೇಂದ್ರದಿಂದ 11 ಕಿಲೋಮೀಟರ್ ದೂರದ ಒಂದು ಸರ್ಕಾರಿ ಪ್ರೌಢಶಾಲೆ. ಹೊರಡುವ ಮುನ್ನಾದಿನ, ಹಿಂದಿನ ತಂಡದವರು ಕಾಲೇಜಿನ ಉಪಕರಣ ಕೊಠಡಿಗೆ ಒಪ್ಪಿಸಿ ಹೋಗಿದ್ದನ್ನೆಲ್ಲ ಸಹಿ ಹಾಕಿ ಪಡೆದುಕೊಂಡೆವು. ಎರಡು ಸುರುಳಿ ಚಾರ್ಟು, ಥರ್ಮೋಕೋಲಿನ ಒಂದು ಮೂತ್ರಪಿಂಡ, ಅಂಚು ಕಿತ್ತುಹೋದ ಫ್ಲ್ಯಾನಲ್ ಬೋರ್ಡು, ಒಂದು ಪೆನ್‌ಡ್ರೈವ್. ಮೊದಲಿನ ವಸ್ತುಗಳಿಂದ ಯಾರಿಗೂ ತೊಂದರೆಯಾಗಲಿಲ್ಲ. ಈ ಲೇಖನ ಪೆನ್‌ಡ್ರೈವಿನ ಬಗ್ಗೆ.

ಅದರೊಳಗಿದ್ದುದು ಹಿಂದಿನ ಮೂರು ತಂಡಗಳ ಪಾಠಯೋಜನೆ, ಚಿತ್ರ, ಧ್ವನಿ, ವಿಡಿಯೊಗಳ ಭಂಡಾರ. ಮೊದಲ ತಂಡದಲ್ಲಿ ಬೆಂಗಳೂರಿನಲ್ಲಿ ಕೆಲವು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಬಿ.ಇಡಿ.ಗೆ ಬಂದಿದ್ದ ಒಬ್ಬರಿದ್ದರಂತೆ. ಪಾಠಯೋಜನೆ ತಿದ್ದಿದಾಗಲೆಲ್ಲ ‘ಕೊನೆಯ ಪ್ರತಿ’, ‘ಕೊನೆಯ ಪ್ರತಿ 2’, ‘ನಿಜವಾದ ಕೊನೆಯ ಪ್ರತಿ’ ಎಂದು ಕಡತಗಳು ಹೆಚ್ಚುತ್ತಿದ್ದುದನ್ನು ನೋಡಲಾರದೆ ಅವರು ಎಲ್ಲವನ್ನೂ ಗಿಟ್‌ಗೆ ಹಾಕಿದರು. ಗಿಟ್ ಎಂದರೆ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನೆಲ್ ಕೆಲಸಕ್ಕಾಗಿ ಬರೆದ ತಂತ್ರಾಂಶ. ಒಂದು ಫೋಲ್ಡರಿನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ಅದು ಹಂತಹಂತವಾಗಿ ಇಟ್ಟುಕೊಳ್ಳುತ್ತದೆ. ಹೀಗೆ ಒಂದು ಹಂತವನ್ನು ದಾಖಲಿಸುವುದಕ್ಕೆ ಕಮಿಟ್ ಎನ್ನುತ್ತಾರೆ. ಕಮಿಟ್ ಆದ ಯಾವ ಹಂತಕ್ಕೆ ಬೇಕಾದರೂ ಹಿಂದಿರುಗಬಹುದು. ನಾನು ಬಿ.ಎಸ್ಸಿ.ಯಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದ್ದರಿಂದ ಭಂಡಾರದ ಉಸ್ತುವಾರಿ ನನ್ನ ಪಾಲಿಗೆ ಬಂತು.

ಶಾಲೆಯ ಪ್ರಯೋಗಾಲಯದಲ್ಲಿ 8 ಕಂಪ್ಯೂಟರುಗಳಿದ್ದವು, ಉಬುಂಟು ಹಾಕಿದವು. ಅದರಲ್ಲಿ ಕೆಲಸ ಮಾಡುತ್ತಿದ್ದುದು 5. ಭಂಡಾರ 4 ಜಿಬಿಗಿಂತ ದೊಡ್ಡದು. ಒಂದೊಂದಕ್ಕೂ ಪ್ರತಿ ತೆಗೆಯುವಷ್ಟರಲ್ಲಿ ಒಂದು ಅವಧಿ ಮುಗಿದುಹೋಗುತ್ತಿತ್ತು. ಎರಡರಲ್ಲಿ ‘ಡಿಸ್ಕ್ ತುಂಬಿದೆ’ ಎಂಬ ಸೂಚನೆ ಬಂತು. ಚಿತ್ರ, ಧ್ವನಿ, ವಿಡಿಯೊ ಸೇರಿ 538 ಕಡತಗಳಿದ್ದವು. ಬಹಳಷ್ಟನ್ನು ಯಾರೂ ಬಳಸುತ್ತಿಲ್ಲ ಎಂಬುದು ಎಲ್ಲರ ಅಭಿಪ್ರಾಯ. ‘ಬೇಡದ್ದನ್ನು ತೆಗೆದುಬಿಡಿ’ ಎಂದು ತಂಡದ ಸಭೆಯಲ್ಲಿ ತೀರ್ಮಾನವಾಯಿತು. ಬೇಡದ್ದು ಯಾವುದು ಎಂಬ ಚರ್ಚೆ ಆ ಸಭೆಯಲ್ಲಿ ನಡೆಯಲಿಲ್ಲ. ನಾನೂ ಎತ್ತಲಿಲ್ಲ.

ನಾನು ಮಾಡಿಕೊಂಡ ವ್ಯಾಖ್ಯೆ ಸರಳವಾಗಿತ್ತು. ಪಾಠಯೋಜನೆಯೊಳಗೆ ‘ಚಿತ್ರ: ಹೃದಯ-3’ ಎಂದು ಬರೆದಿದ್ದರೆ ಆ ಚಿತ್ರಕ್ಕೆ ಒಬ್ಬ ಯಜಮಾನನಿದ್ದಾನೆ. ಯಾವ ಪಾಠವೂ ಹೆಸರು ಹೇಳದ ಕಡತ ಅನಾಥ. ಗಿಟ್ ತನ್ನ ಬಳಿ ಇರುವ ಕಡತಗಳ ಹೆಸರನ್ನು ಪಟ್ಟಿ ಮಾಡಿ ಕೊಡುತ್ತದೆ. ಒಂದೊಂದು ಹೆಸರನ್ನೂ ಎಲ್ಲ ಪಾಠಯೋಜನೆಗಳಲ್ಲಿ ಹುಡುಕಿ, ಎಲ್ಲೂ ಸಿಗದ್ದನ್ನು ಬೇರೆ ಪಟ್ಟಿಗೆ ಸೇರಿಸುವ ಹದಿನೈದು ಸಾಲಿನ ಪ್ರೋಗ್ರಾಂ ಬರೆದೆ. ಓಡಿಸಿದಾಗ 431 ಅನಾಥ ಕಡತಗಳು ಸಿಕ್ಕವು. 538ರಲ್ಲಿ 431! ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಸಂತೋಷ. ಶುಚಿ ಮಾಡುವವರಿಗೆ ಕಸ ಹೆಚ್ಚು ಸಿಕ್ಕಷ್ಟೂ ತಮ್ಮ ಕೆಲಸ ದೊಡ್ಡದೆನಿಸುತ್ತದೆ.

ಅಳಿಸುವ ಮೊದಲು ಪಟ್ಟಿಯ ಮೇಲೆ ಕಣ್ಣಾಡಿಸಿದ್ದು ಒಳ್ಳೆಯದಾಯಿತು. ಅದರ ತುಂಬ ‘\340\262\225’ ಇಂಥ ಅಂಕಿಗಳ ಸಾಲುಗಳು. ಕಡತದ ಹೆಸರು ಕನ್ನಡದಲ್ಲಿದ್ದರೆ ಗಿಟ್ ತನ್ನ ಪಟ್ಟಿಯಲ್ಲಿ ಅದನ್ನು ಕನ್ನಡದಲ್ಲಿ ತೋರಿಸುವುದಿಲ್ಲ. ಒಂದೊಂದು ಅಕ್ಷರದ ಮೂರು ಬೈಟುಗಳನ್ನೂ ಅಷ್ಟಮಾನ ಸಂಖ್ಯೆಗಳಾಗಿ ಬದಲಿಸಿ, ಉದ್ಧರಣ ಚಿಹ್ನೆಯೊಳಗೆ ಇಟ್ಟು ತೋರಿಸುತ್ತದೆ. ಮೇಲಿನ ಮೂರು ಸಂಖ್ಯೆಗಳೆಂದರೆ ಬರಿಯ ‘ಕ’. ನನ್ನ ಪ್ರೋಗ್ರಾಂ ಈ ಸಂಖ್ಯೆಗಳನ್ನೇ ಕಡತದ ಹೆಸರೆಂದು ತಿಳಿದು ಪಾಠಗಳಲ್ಲಿ ಹುಡುಕಿತ್ತು. ಯಾವ ಪಾಠದಲ್ಲಿ ತಾನೇ ಸಿಗಬೇಕು? ಇಂಗ್ಲಿಷ್ ಹೆಸರಿನ ಕಡತಗಳಿಗೆ ಯಜಮಾನರು ಸಿಕ್ಕಿದ್ದರು, ಕನ್ನಡ ಹೆಸರಿನವೆಲ್ಲ ಒಟ್ಟಿಗೆ ಅನಾಥವಾಗಿದ್ದವು. ಕೋರ್ ಡಾಟ್ ಕೋಟ್‌ಪಾಥ್ ಎಂಬ ಒಂದು ಆಯ್ಕೆಯನ್ನು ‘ಫಾಲ್ಸ್’ ಮಾಡಿದರೆ ಗಿಟ್ ಕನ್ನಡವನ್ನು ಕನ್ನಡವಾಗಿಯೇ ಬರೆಯುತ್ತದೆ. ಹಾಗೆ ಮಾಡಿ ಮತ್ತೆ ಓಡಿಸಿದೆ. ಪಟ್ಟಿ 171ಕ್ಕೆ ಇಳಿಯಿತು.

171ರಲ್ಲೂ ನಾನು ಹಿಂದಿನ ದಿನವಷ್ಟೇ ತರಗತಿಯಲ್ಲಿ ತೋರಿಸಿದ್ದ ವಿದ್ಯುತ್ ಬಲ್ಬಿನ ಚಿತ್ರ ಇತ್ತು. ಪಾಠಯೋಜನೆಯಲ್ಲಿ ‘ಬಲ್ಬ್’, ಕಡತದ ಹೆಸರೂ ‘ಬಲ್ಬ್’. ಎರಡನ್ನೂ ಪಕ್ಕಪಕ್ಕ ಇಟ್ಟು ಹತ್ತು ಸಲ ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ಬೈಟುಗಳನ್ನು ಎಣಿಸಿದಾಗ ಒಂದರಲ್ಲಿ ಮೂರು ಹೆಚ್ಚು. ಅರ್ಧಾಕ್ಷರ ಮುಂದಿನ ಅಕ್ಷರದೊಂದಿಗೆ ಕೂಡಿಕೊಳ್ಳದಿರಲೆಂದು ಕೀಲಿಮಣೆಯಲ್ಲಿ ಒತ್ತುವ, ಕಣ್ಣಿಗೆ ಕಾಣದ ಗುರುತೊಂದಿದೆಯಲ್ಲ, ಯಾರೋ ಅದನ್ನು ಪದದ ಕೊನೆಯಲ್ಲೂ ಒತ್ತಿದ್ದರು. ಇನ್ನು ಕೆಲವು ಕಡತಗಳು ಹಳೆಯ ಮ್ಯಾಕ್ ಕಂಪ್ಯೂಟರಿನಿಂದ ಬಂದವು. ಅದರ ಕಡತ ವ್ಯವಸ್ಥೆ ಹೆಸರಿನಲ್ಲಿರುವ ‘ೋ’ ಎಂಬ ಒಂದೇ ಚಿಹ್ನೆಯನ್ನು ಬಿಡಿಸಿ, ಮೂರು ತುಂಡು ಮಾಡಿ ಇಡುತ್ತದೆ. ತೆರೆಯ ಮೇಲೆ ‘ಕೋಶ’ ಎಂದೇ ಕಾಣುತ್ತದೆ. ಒಳಗೆ ಎರಡು ಬೇರೆ ಬೇರೆ ‘ಕೋಶ’ಗಳು. ಇಂಥವನ್ನೆಲ್ಲ ಒಂದೇ ರೂಪಕ್ಕೆ ತಂದು ಹೋಲಿಸಿದ ಮೇಲೆ ಪಟ್ಟಿ 158 ಆಯಿತು.

ಮೊದಲ ತಂಡದ ಪಾಠಯೋಜನೆಗಳು ವರ್ಡ್ ಕಡತಗಳಲ್ಲಿದ್ದವು. ಈಗಿನ ವರ್ಡ್ ಕಡತವೆಂದರೆ ಕುಗ್ಗಿಸಿ ಕಟ್ಟಿದ ಗಂಟು. ಹೊರಗಿನಿಂದ ಪದ ಹುಡುಕಿದರೆ ಏನೂ ಸಿಗುವುದಿಲ್ಲ. ಗಂಟು ಬಿಚ್ಚಿದರೂ ಕೆಲವು ಯುನಿಕೋಡ್ ಅಲ್ಲದ ನುಡಿ ಅಕ್ಷರಶೈಲಿಯವು. ಪರದೆಯಲ್ಲಿ ಕನ್ನಡ, ಒಳಗೆ ಇಂಗ್ಲಿಷ್ ಸಂಕೇತಗಳು. ಅವನ್ನು ಯುನಿಕೋಡ್‌ಗೆ ಪರಿವರ್ತಿಸಿ, ಪಠ್ಯ ಮಾತ್ರ ಹೊರತೆಗೆದು ಹುಡುಕಲು ಎರಡು ಸಂಜೆ ಹಿಡಿಯಿತು. ಕೊನೆಗೆ ಉಳಿದದ್ದು 104. 431ರಿಂದ 104ಕ್ಕೆ ಇಳಿಯುವಷ್ಟರಲ್ಲಿ ಒಂದು ಕಡತವೂ ಬದಲಾಗಿರಲಿಲ್ಲ. ಬದಲಾದದ್ದು ನನ್ನ ಹುಡುಕಾಟ ಮಾತ್ರ. ಇದನ್ನು ಆಗ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡ ನಂತರವೂ ಮುಂದಿನ ಶನಿವಾರ ಹಾಗೆ ಮಾಡಿದೆ.

ಶನಿವಾರ ಬೆಳಗಿನ ಶಾಲೆ. ಮಕ್ಕಳು ಹೋದ ಮೇಲೆ ಪ್ರಯೋಗಾಲಯದಲ್ಲಿ ಒಬ್ಬನೇ ಕುಳಿತೆ. 104ನ್ನು ಮುಟ್ಟುವ ಮೊದಲು ಚಿಲ್ಲರೆ ಕಸ ಗುಡಿಸೋಣ ಎನಿಸಿತು. ಲಿಬ್ರೆಆಫೀಸ್ ಬಿಟ್ಟುಹೋಗುವ ಬೀಗದ ಕಡತಗಳು, ವಿಂಡೋಸ್ ಕಂಪ್ಯೂಟರುಗಳು ಕೆಲವು ಫೋಲ್ಡರುಗಳಲ್ಲಿ ಇಡುವ ಪುಟ್ಟ ಚಿತ್ರಗಳ ಕಡತ, ಅರ್ಧಕ್ಕೆ ನಿಂತ ವಿಡಿಯೊಗಳು. ಇವ್ಯಾವುದನ್ನೂ ಗಿಟ್‌ಗೆ ಸೇರಿಸಿರಲಿಲ್ಲ. ‘ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ’ ಎಂದು ಗಿಟ್‌ಗೆ ಹೇಳುವ ಗಿಟ್‌ಇಗ್ನೋರ್ ಎಂಬ ಪಟ್ಟಿಯಲ್ಲಿ ಇವುಗಳ ಹೆಸರಿತ್ತು. ಗಿಟ್‌ಗೆ ಸೇರದ ಕಡತಗಳನ್ನು ಗುಡಿಸಲು ಗಿಟ್ ಕ್ಲೀನ್ ಎಂಬ ಆದೇಶವಿದೆ. ಎಫ್ ಎಂದರೆ ನಿಜವಾಗಿ ಅಳಿಸು, ಡಿ ಎಂದರೆ ಫೋಲ್ಡರುಗಳನ್ನೂ ಅಳಿಸು, ಎಕ್ಸ್ ಎಂದರೆ ಗಿಟ್‌ಇಗ್ನೋರ್‌ನಲ್ಲಿ ಇರುವವನ್ನೂ ಬಿಡಬೇಡ. ನನಗೆ ಬೇಕಿದ್ದುದು ಗಿಟ್‌ಇಗ್ನೋರ್‌ನಲ್ಲಿದ್ದ ಕಸವೇ ಆದ್ದರಿಂದ ಮೂರೂ ಅಕ್ಷರ ಸೇರಿಸಿ ಒತ್ತಿದೆ. ಎನ್ ಎಂಬ ನಾಲ್ಕನೆಯದೊಂದಿದೆ. ಅದನ್ನು ಸೇರಿಸಿದರೆ ಏನನ್ನೂ ಅಳಿಸದೆ, ಏನೇನು ಅಳಿಸುತ್ತಿದ್ದೆ ಎಂಬುದನ್ನು ಮಾತ್ರ ಹೇಳುತ್ತದೆ. ಅದು ನನಗೆ ಗೊತ್ತಿತ್ತು.

ಅಳಿಸಿದ ಹೆಸರುಗಳು ತೆರೆಯ ಮೇಲೆ ಓಡಿದವು. ಕೊನೆಯ ಸಾಲುಗಳಲ್ಲಿ ‘8ನೇ ತರಗತಿ, ಓದು, ಧ್ವನಿ’ ಎಂಬ ಫೋಲ್ಡರು ಕಂಡಿತು.

ಕನ್ನಡ ವಿಷಯದ ನಮ್ಮ ಸಹಪಾಠಿ ನಮಗೆಲ್ಲರಿಗಿಂತ ಹಿರಿಯರು. ಮಗಳನ್ನು ಶಾಲೆಗೆ ಸೇರಿಸಿದ ಮೇಲೆ ತಾವು ಬಿ.ಇಡಿ.ಗೆ ಸೇರಿದವರು. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ. ಸ್ಟಾಫ್‌ರೂಮಿನಲ್ಲಿ ವೀಕ್ಷಣಾ ಪುಸ್ತಕ ಬರೆಯುತ್ತಿದ್ದರು.

‘ಅಕ್ಕ, ಎಂಟನೇ ಕ್ಲಾಸಿನ ಧ್ವನಿ ಫೋಲ್ಡರ್ ನಿಮ್ದಾ?’

‘ನಂದೇ. ಕ್ರಿಯಾ ಸಂಶೋಧನೆದು. ಯಾಕೋ?’

‘ಬೇರೆ ಕಡೆ ಪ್ರತಿ ಇದೆಯಾ ಅದರದ್ದು?’

ಅವರು ಪೆನ್ನು ಕೆಳಗಿಟ್ಟರು. ‘ಫೋನಲ್ಲಿ ಜಾಗ ಇಲ್ಲ ಅಂತ ಅಲ್ಲಿಗೆ ಹಾಕಿದ್ನಲ್ಲೋ. ಯಾಕೆ ಹೇಳು.’

ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಪೂರ್ವ ಪರೀಕ್ಷೆ ಕಣೋ ಅದು’ ಎಂದಷ್ಟೇ ಅಂದರು.

ಎಂಟನೆಯ ತರಗತಿಯಲ್ಲಿ ಓದಲು ತೊಡಕುಪಡುವ 11 ಮಕ್ಕಳಿಂದ ಒಂದೇ ಗದ್ಯಭಾಗವನ್ನು ಓದಿಸಿ, ಅಕ್ಕ ಧ್ವನಿಮುದ್ರಣ ಮಾಡಿಕೊಂಡಿದ್ದರು. ಆಮೇಲೆ ದಿನಕ್ಕೆ ಅರ್ಧ ಗಂಟೆಯಂತೆ ಪರಿಹಾರ ಬೋಧನೆ. ಐದು ವಾರ ಕಳೆದಿತ್ತು. ತೆಗೆದುಕೊಂಡ ಸಮಯ, ತಪ್ಪುಗಳ ಒಟ್ಟು ಸಂಖ್ಯೆ ಅವರ ಪುಸ್ತಕದಲ್ಲಿತ್ತು. ಆದರೆ ಅವರ ಸಂಶೋಧನೆಯ ಪ್ರಶ್ನೆ ಎಷ್ಟು ತಪ್ಪು ಎಂಬುದಲ್ಲ, ಎಲ್ಲಿ ತಪ್ಪು ಎಂಬುದು. ಒತ್ತಕ್ಷರದಲ್ಲೋ, ಅಕಾರ ಹಕಾರದಲ್ಲೋ, ಸಾಲಿನ ಕೊನೆಯಿಂದ ಮುಂದಿನ ಸಾಲಿಗೆ ಕಣ್ಣು ಹೋಗುವಲ್ಲೋ. ಅದಕ್ಕೆ ಧ್ವನಿಯೇ ಬೇಕು. ಈಗ ಮತ್ತೆ ಓದಿಸಿದರೆ ಅದು ಐದು ವಾರ ಕಲಿತ ಮಕ್ಕಳ ಓದು. ಮೊದಲಿನ ಓದನ್ನು ಇನ್ನೊಮ್ಮೆ ಮುದ್ರಿಸಿಕೊಳ್ಳಲು ಬರುವುದಿಲ್ಲ.

ಆ ಫೋಲ್ಡರನ್ನು ಗಿಟ್‌ಇಗ್ನೋರ್‌ಗೆ ಹಾಕಿದ್ದೂ ತಪ್ಪಾಗಿರಲಿಲ್ಲ. ಹತ್ತು ಜನರ ಪೆನ್‌ಡ್ರೈವಿಗೆ ಹೋಗುವ ಭಂಡಾರದಲ್ಲಿ ಮಕ್ಕಳ ಧ್ವನಿ ಇರಬಾರದು ಎಂದು ಶಾಲೆಯ ಮಾರ್ಗದರ್ಶಕ ಶಿಕ್ಷಕಿಯೇ ಹೇಳಿದ್ದರು. ಸರಿಯಾದ ಮಾತು. ಗಿಟ್‌ಇಗ್ನೋರ್‌ನಲ್ಲಿ ಕಸವೂ ಇರುತ್ತದೆ, ಹಂಚಬಾರದ ಅಮೂಲ್ಯ ವಸ್ತುವೂ ಇರುತ್ತದೆ. ಗಿಟ್‌ಗೆ ಎರಡೂ ಒಂದೇ.

ಗಿಟ್ ಕ್ಲೀನ್ ಕಸದಬುಟ್ಟಿಗೆ ಹಾಕುವುದಿಲ್ಲ, ನೇರವಾಗಿ ಅಳಿಸುತ್ತದೆ. ಗಾಬರಿಯಲ್ಲಿ ನಾನು ಇನ್ನೊಂದು ತಪ್ಪನ್ನೂ ಮಾಡಿದೆ. ‘ಮೊದಲು ಉಳಿದದ್ದನ್ನು ಕಾಪಾಡೋಣ’ ಎಂದು ಇಡೀ ಭಂಡಾರದ ಪ್ರತಿಯೊಂದನ್ನು ಅದೇ ಡಿಸ್ಕಿಗೆ ತೆಗೆದೆ. ಅಳಿಸಿದ ಕಡತಗಳಿದ್ದ ಜಾಗದ ಮೇಲೆ 4 ಜಿಬಿ ಬರೆದಂತಾಯಿತು. ಆಮೇಲೆ ಅಳಿದ ಕಡತ ಹುಡುಕುವ ತಂತ್ರಾಂಶ ಓಡಿಸಿದಾಗ ಸಿಕ್ಕ ತುಣುಕುಗಳು ಒಂದೂ ನುಡಿಯಲಿಲ್ಲ. ಕಂಪ್ಯೂಟರನ್ನು ಮುಟ್ಟದೆ ಹಾಗೆಯೇ ಆರಿಸಿದ್ದರೆ ಏನಾದರೂ ಸಿಗುತ್ತಿತ್ತೇನೋ.

ಸಂಜೆ ಬಸ್ಸಿನಲ್ಲಿ ಅಕ್ಕನೇ ಒಂದು ಮಾತು ನೆನಪಿಸಿಕೊಂಡರು. ಮೊದಲ ದಿನ ಮೂವರು ಮಕ್ಕಳ ಧ್ವನಿ ತೆಗೆದು, ರೂಢಿಯಂತೆ ಗಿಟ್‌ಗೆ ‘ಆಡ್’ ಮಾಡಿದ್ದರಂತೆ. ಕಮಿಟ್ ಮಾಡುವ ಮೊದಲೇ ಮೇಡಂ ಬೇಡವೆಂದದ್ದರಿಂದ ಹಿಂದಕ್ಕೆ ತೆಗೆದರಂತೆ. ಅವರು ಅದನ್ನು ಒಂದು ತಪ್ಪಿನಂತೆ ಹೇಳಿಕೊಂಡರು. ನಾನು ಸೀಟಿನಿಂದ ಎದ್ದೇ ನಿಂತೆ.

ಆಡ್ ಮಾಡಿದ ಕ್ಷಣದಲ್ಲೇ ಗಿಟ್ ಆ ಕಡತದ ಒಳಗಿನದನ್ನು ತನ್ನ ಒಳಕೋಣೆಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ನಾವು ಹಿಂದಕ್ಕೆ ತೆಗೆದರೂ ಆ ಪ್ರತಿ ತಕ್ಷಣ ಹೋಗುವುದಿಲ್ಲ. ಯಾವ ಕಮಿಟ್ಟೂ ಅದನ್ನು ತೋರಿಸುವುದಿಲ್ಲ, ಅದಕ್ಕೆ ಹೆಸರಿಲ್ಲ, 40 ಅಕ್ಷರಗಳ ಒಂದು ಗುರುತು ಮಾತ್ರ ಇರುತ್ತದೆ. ಗಿಟ್‌ನ ಲೆಕ್ಕದಲ್ಲಿ ನಿಜವಾದ ಅನಾಥವೆಂದರೆ ಇದು. ಜಿಸಿ ಎಂಬ ಆದೇಶ ಕೊಟ್ಟಾಗ, ಎರಡು ವಾರಕ್ಕಿಂತ ಹಳೆಯದಾದ ಇಂಥವನ್ನು ಗಿಟ್ ಗುಡಿಸಿ ಹಾಕುತ್ತದೆ. ಬಿಡಿ ವಸ್ತುಗಳು ಸುಮಾರು 6,700 ದಾಟಿದರೆ ಕೆಲವು ಆದೇಶಗಳ ಬೆನ್ನಿಗೆ ತಾನಾಗಿಯೂ ಆ ಕೆಲಸ ಮಾಡುತ್ತದೆ. ನಮ್ಮ ಭಂಡಾರ ಅಷ್ಟು ದೊಡ್ಡದಲ್ಲ. ಆದರೆ ಶನಿವಾರ ನಾನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದ ಕೆಲಸಗಳಲ್ಲಿ ಗಿಟ್ ಕ್ಲೀನ್ ಆದ ನಂತರದ ಸಾಲು ಜಿಸಿ. ಆ ಮೂರು ಪ್ರತಿಗಳಿಗೆ ಐದು ವಾರ ವಯಸ್ಸಾಗಿತ್ತು. ಹೆಸರುಗಳ ನಡುವೆ ‘ಧ್ವನಿ’ ಎಂಬುದು ಕಣ್ಣಿಗೆ ಬೀಳದಿದ್ದರೆ ಆ ಸಾಲನ್ನೂ ಒತ್ತಿರುತ್ತಿದ್ದೆ.

ಸೋಮವಾರ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಹೋಗಿ, ಮೊದಲು ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಆ ನಕಲಿನಲ್ಲಿ ಗಿಟ್ ಎಫ್‌ಎಸ್‌ಸಿಕೆ ಆದೇಶವನ್ನು ‘ಲಾಸ್ಟ್ ಫೌಂಡ್’ ಆಯ್ಕೆಯೊಂದಿಗೆ ಓಡಿಸಿದೆ. ಹೆಸರಿಲ್ಲದ 212 ಕಡತಗಳು ಒಂದು ಫೋಲ್ಡರಿಗೆ ಬಂದು ಬಿದ್ದವು. ಬಹುಪಾಲು ಹಳೆಯ ಕರಡುಗಳು, ಚಿತ್ರಗಳು. ಧ್ವನಿ ಕಡತಗಳು 5. ಒಂದೊಂದನ್ನೇ ಹಾಕಿದೆವು. ಮೊದಲನೆಯದು ಹಿಂದಿನ ತಂಡದ ಯಾರೋ ಹಾಡಿದ ಪ್ರಾರ್ಥನೆ. ಎರಡನೆಯದೂ ಅದೇ, ಶ್ರುತಿ ಬೇರೆ. ಮೂರನೆಯದರಲ್ಲಿ ಒಂದು ಮಗು ಗಂಟಲು ಸರಿಮಾಡಿಕೊಂಡು ‘ಹಸು’ ಎಂಬುದನ್ನು ‘ಅಸು’ ಎಂದು ಓದಿತು. ‘ಕೊನೇ ಬೆಂಚಿನ ಹುಡುಗಿ’ ಎಂದರು ಅಕ್ಕ. ಉಳಿದೆರಡೂ ಅವರವೇ.

ಮೂರು ಸಿಕ್ಕವು, ಎಂಟು ಹೋದವು. ಅಕ್ಕ ತಮ್ಮ ಕ್ರಿಯಾ ಸಂಶೋಧನೆಯನ್ನು ಮೂವರು ಮಕ್ಕಳ ಪ್ರಕರಣ ಅಧ್ಯಯನವಾಗಿ ತಿದ್ದಿ ಬರೆದರು. ಹನ್ನೊಂದು ಮಕ್ಕಳ ಕೋಷ್ಟಕದಲ್ಲಿ ಸಮಯ ಮತ್ತು ತಪ್ಪಿನ ಸಂಖ್ಯೆ ಮಾತ್ರ ಉಳಿಯಿತು. ಮಿತಿಗಳು ಎಂಬ ಅಧ್ಯಾಯದಲ್ಲಿ ‘ತಾಂತ್ರಿಕ ಕಾರಣಗಳಿಂದ’ ಎಂದು ಬರೆದಿದ್ದಾರೆ. ಆ ತಾಂತ್ರಿಕ ಕಾರಣ ನಾನು.

ಗುರುವಾರ ಪಾಠ ವೀಕ್ಷಣೆಗೆ ಬಂದ ನಮ್ಮ ಬೋಧಕರಿಗೆ ವಿಷಯ ತಿಳಿಯಿತು. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ‘ಇದನ್ನೇ ಸಹಪಾಠಿ ಬೋಧನೆಗೆ ತಗೊಳ್ಳಿ. ನಡೆದದ್ದನ್ನ ಹೇಳ್ಬೇಡಿ, ಪಾಠ ಮಾಡಿ’ ಎಂದರು.

ಮೊದಲ ಪಾಠ ಸೋತಿತು. ಎದುರಿಗೆ 18 ಜನ ಸಹಪಾಠಿಗಳು, 40 ನಿಮಿಷ. ನಾನು ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ, ಎಡಗಡೆ ಅಪಾಯಕಾರಿ ಆದೇಶಗಳು, ಬಲಗಡೆ ಸುರಕ್ಷಿತ ಆದೇಶಗಳು ಎಂದು ಬರೆದೆ. ಹನ್ನೆರಡನೆಯ ನಿಮಿಷಕ್ಕೆ ಹಲಗೆ ತುಂಬಿತು. ಎಲ್ಲರೂ ಶ್ರದ್ಧೆಯಿಂದ ನಕಲು ಮಾಡಿಕೊಂಡರು. ಮೌಲ್ಯಮಾಪನದ ಹಂತದಲ್ಲಿ ‘ಆಡ್ ಮಾಡಿ, ಆಮೇಲೆ ಹಿಂದಕ್ಕೆ ತೆಗೆದ ಕಡತ ಅಳಿದರೆ ಮರಳಿ ಬರುತ್ತದೆಯೇ?’ ಎಂದು ಕೇಳಿದೆ. 18 ಜನರೂ ಹಲಗೆಯ ಕಡೆ ನೋಡಿದರು. ವೀಕ್ಷಣಾ ಪುಸ್ತಕದಲ್ಲಿ ಬೋಧಕರು ಹೀಗೆ ಬರೆದರು: ‘ಪೀಠಿಕೆ ಚೆನ್ನಾಗಿತ್ತು. ಕಪ್ಪುಹಲಗೆ ಕಾರ್ಯ ಅಂದವಾಗಿತ್ತು. ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ.’ ಮೂರನೆಯ ವಾಕ್ಯ ಮೆಚ್ಚುಗೆಯೋ ಟೀಕೆಯೋ ಎಂದು ಒಂದು ದಿನ ಯೋಚಿಸಿದೆ.

ಮರುಪಾಠದಲ್ಲಿ ಅವರು ಕಳೆದುಕೊಳ್ಳಲಿ ಎಂದು ಏರ್ಪಾಡು ಮಾಡಿದೆ. ಇಬ್ಬಿಬ್ಬರಿಗೆ ಒಂದು ಪುಟ್ಟ ಭಂಡಾರ. ಅದರಲ್ಲಿ ಮೂರು ಖಾಲಿ ಕಡತ. ಮೂರರಲ್ಲೂ ತಮಗೆ ಬೇಕಾದ ಎರಡು ಸಾಲು ತಾವೇ ಬರೆಯಬೇಕು. ಮೊದಲನೆಯದನ್ನು ಕಮಿಟ್ ಮಾಡಬೇಕು. ಎರಡನೆಯದನ್ನು ಆಡ್ ಮಾಡಿ ಹಿಂದಕ್ಕೆ ತೆಗೆಯಬೇಕು. ಮೂರನೆಯದನ್ನು ಗಿಟ್‌ಗೆ ತೋರಿಸಲೇಬಾರದು. ಆಮೇಲೆ ಮೂರನ್ನೂ ಅಳಿಸಬೇಕು. ಅಳಿಸುವ ಮೊದಲು, ಯಾವುದು ಮರಳುತ್ತದೆ, ಯಾವುದು ಮರಳುವುದಿಲ್ಲ ಎಂದು ಚೀಟಿಯಲ್ಲಿ ಊಹೆ ಬರೆದು ಮಡಚಿ ಇಡಬೇಕು. 9 ಜೋಡಿಗಳಲ್ಲಿ 6 ಜೋಡಿ ಮೂರೂ ಮರಳುತ್ತವೆ ಎಂದು ಬರೆದಿದ್ದವು. ‘ಗಿಟ್‌ನಲ್ಲಿ ಇದೆಯಲ್ಲ’ ಎಂಬುದು ಅವರ ಕಾರಣ. ಫೋಲ್ಡರಿನೊಳಗಿರುವುದೆಲ್ಲ ಗಿಟ್‌ನಲ್ಲಿದೆ ಎಂಬ ಈ ನಂಬಿಕೆ ನನ್ನಲ್ಲೂ ಎಲ್ಲೋ ಇತ್ತು.

ಮೊದಲನೆಯದು ಒಂದೇ ಆದೇಶಕ್ಕೆ ಹೆಸರು ಸಮೇತ ಬಂತು. ಎರಡನೆಯದು ಹೆಸರು ಕಳೆದುಕೊಂಡು ಬಂತು. ಮೂರನೆಯದಕ್ಕಾಗಿ ಒಂದು ಜೋಡಿ ಅವಧಿ ಮುಗಿದ ಗಂಟೆ ಹೊಡೆದ ಮೇಲೂ ಹುಡುಕುತ್ತಿತ್ತು. ಅವರಲ್ಲೊಬ್ಬರು ತಮ್ಮ ಹೊಸ ಕವಿತೆಯ ಎರಡು ಸಾಲು ಬರೆದಿದ್ದರಂತೆ, ಬೇರೆಲ್ಲೂ ಬರೆದಿಟ್ಟಿರಲಿಲ್ಲ. ನಾನು ಕ್ಷಮೆ ಕೇಳಿದೆ. ‘ಹೋಗ್ಲಿ ಬಿಡಿ ಸರ್, ಚೆನ್ನಾಗಿರಲಿಲ್ಲ’ ಎಂದು ನಕ್ಕರು. ಸಹಪಾಠಿ ಬೋಧನೆಯಲ್ಲಿ ನಾವು ಒಬ್ಬರನ್ನೊಬ್ಬರು ಸರ್ ಎನ್ನಬೇಕೆಂಬ ನಿಯಮವನ್ನು ಆ ಹೊತ್ತಿನಲ್ಲೂ ಅವರು ಮರೆಯಲಿಲ್ಲ.

ನಾನು ಸಿದ್ಧಪಡಿಸಿಕೊಂಡಿರದ ಪ್ರಶ್ನೆಯೊಂದು ಆ ದಿನ ಬಂತು. ‘ಹಾಗಾದ್ರೆ ಒಂದ್ಸಲ ಕಮಿಟ್ ಮಾಡಿದ್ದು ಹೋಗೋದೇ ಇಲ್ವಾ?’ ಕೇಳಿದವರ ಮುಖ ನೋಡಿದರೆ ಕಾರಣ ಇದೆ ಎನಿಸಿತು. ಎರಡನೆಯ ತಂಡದ ಯಾರೋ ಕಿರುಪರೀಕ್ಷೆಯ ಅಂಕಪಟ್ಟಿಯ ಫೋಟೊವನ್ನು ಮಕ್ಕಳ ಹೆಸರು ಸಮೇತ ಕಮಿಟ್ ಮಾಡಿ, ಮರುದಿನ ಅಳಿಸಿ ಅದನ್ನೂ ಕಮಿಟ್ ಮಾಡಿದ್ದರು. ಫೋಲ್ಡರಿನಲ್ಲಿ ಅದು ಕಾಣುವುದಿಲ್ಲ. ಇತಿಹಾಸದಲ್ಲಿ ಹಾಗೇ ಇದೆ, ಯಾರು ಬೇಕಾದರೂ ಹೊರತೆಗೆಯಬಹುದು. ಅದನ್ನು ನಿಜವಾಗಿ ಇಲ್ಲವಾಗಿಸಲು ಇತಿಹಾಸವನ್ನೇ ತಿದ್ದಿ ಬರೆಯಬೇಕು. ಗಿಟ್ ಫಿಲ್ಟರ್-ರೆಪೊ ಎಂಬ ಪ್ರತ್ಯೇಕ ಸಾಧನ ಅದಕ್ಕಿದೆ. ಹೊಸದಾಗಿ ತೆಗೆದ ಪ್ರತಿಯಲ್ಲಿ ಮಾತ್ರ ಅದನ್ನು ಓಡಿಸಬೇಕು. ಕೆಲಸ ಮುಗಿದ ಮೇಲೆ ಅದು ಅನಾಥ ವಸ್ತುಗಳನ್ನೂ ಗುಡಿಸಿಬಿಡುತ್ತದೆ. ಒಬ್ಬರ ಬಳಿ ಹಳೆಯ ಪ್ರತಿ ಉಳಿದು, ಅವರು ಅದನ್ನು ಮತ್ತೆ ಸೇರಿಸಿದರೆ ಅಂಕಪಟ್ಟಿಯೂ ಮರಳಿ ಬರುತ್ತದೆ. ಹಾಗಾಗಿ ಅಕ್ಕನ ಮೂರು ಧ್ವನಿಗಳನ್ನು ಬೇರೆಡೆ ಭದ್ರಪಡಿಸಿದ ಮೇಲೆ, ಒಂದು ಮಧ್ಯಾಹ್ನ 9 ಪೆನ್‌ಡ್ರೈವುಗಳನ್ನೂ ಮೇಜಿನ ಮೇಲೆ ರಾಶಿ ಹಾಕಿಸಿಕೊಂಡು, ಹಳೆಯದನ್ನೆಲ್ಲ ಅಳಿಸಿ, ಹೊಸ ಪ್ರತಿ ಕೊಟ್ಟೆವು.

ಇನ್ನು ಆ 104. ಅವನ್ನು ಮೊದಲು ನಾನು ಕಂಪ್ಯೂಟರಿನಲ್ಲಿಯೇ ಇತ್ಯರ್ಥ ಮಾಡಬೇಕೆಂದಿದ್ದೆ. ಈಗ ಪಟ್ಟಿಯನ್ನು ಮುದ್ರಿಸಿ, ಪುಟ್ಟ ಚಿತ್ರಗಳೊಂದಿಗೆ ಸ್ಟಾಫ್‌ರೂಮಿನ ಮೇಜಿನ ಮೇಲೆ ಒಂದು ವಾರ ಇಟ್ಟೆ. ವಿಜ್ಞಾನದ ಮೇಡಂ ತಮ್ಮ ಕೈಬರಹದ ದಿನಚರಿ ತಂದು ತೋರಿಸಿದರು. ‘ಕಣ್ಣಿನ ಚಿತ್ರ ಎರಡನೆಯದು, ಲ್ಯಾಬಿನಲ್ಲಿ ತೋರಿಸುವುದು’ ಎಂದು ಅದರಲ್ಲಿತ್ತು. ದೈಹಿಕ ಶಿಕ್ಷಕರು ಆಗಸ್ಟ್ 15ರ ಪಥಸಂಚಲನಕ್ಕೆ ಹಾಕುವ ಡ್ರಮ್ಮಿನ ಧ್ವನಿ ಈ ಪಟ್ಟಿಯಲ್ಲಿತ್ತು. ‘ಇದನ್ನ ತೆಗೆದ್ರೆ ಮಕ್ಕಳು ಯಾವುದಕ್ಕೆ ಹೆಜ್ಜೆ ಹಾಕ್ಬೇಕು?’ ಎಂದು ಕೇಳಿದರು. ಹೀಗೆ 27ಕ್ಕೆ ಯಜಮಾನರು ಸಿಕ್ಕರು. ಯಾರು, ಯಾವುದಕ್ಕೆ ಬಳಸುತ್ತಾರೆ ಎಂದು ಭಂಡಾರದಲ್ಲೇ ಒಂದು ಕಡತದಲ್ಲಿ ಬರೆದಿದ್ದೇನೆ. ಇನ್ನು ಮುಂದೆ ನನ್ನ ಪ್ರೋಗ್ರಾಮಿಗೂ ಅವು ಕಾಣುತ್ತವೆ.

31 ಕಡತಗಳು ಬೇರೆ ಹೆಸರಿನ ನಕಲುಗಳು. ಒಳಗಿನದು ಒಂದೇ ಆಗಿದ್ದರೆ ಗಿಟ್ ಎರಡಕ್ಕೂ ಒಂದೇ ಗುರುತು ಕೊಡುವುದರಿಂದ ಇದನ್ನು ಕಣ್ಣಳತೆಯಲ್ಲಿ ನಿರ್ಧರಿಸಬೇಕಾಗಲಿಲ್ಲ. ಅವನ್ನು ಮಾತ್ರ ತೆಗೆದೆ. ಬೇರೆ ಬ್ರಾಂಚ್‌ನಲ್ಲಿ, ಗಿಟ್‌ನ ಆರ್‌ಎಂ ಆದೇಶದಿಂದ, ವಿಷಯವಾರು ಸಣ್ಣ ಸಣ್ಣ ಕಮಿಟ್‌ಗಳಾಗಿ, ಯಾವ ಕಡತದ ನಕಲು ಎಂಬುದನ್ನು ಕಮಿಟ್‌ನ ಟಿಪ್ಪಣಿಯಲ್ಲಿ ಬರೆದು. ಎರಡು ವಾರ ಎಲ್ಲರೂ ಆ ಬ್ರಾಂಚ್‌ನಿಂದಲೇ ಪಾಠ ಮಾಡಿದರು. ಸಮಾಜ ವಿಜ್ಞಾನದವರ ಒಂದು ಭೂಪಟ ತೆರೆಯಲಿಲ್ಲ. ಆ ಒಂದು ಕಮಿಟ್ಟನ್ನು ಹಿಂತೆಗೆದೆ. ಉಳಿದವು ಮುಖ್ಯ ಬ್ರಾಂಚ್‌ಗೆ ಸೇರಿದವು.

ಇಷ್ಟೆಲ್ಲ ಆದ ಮೇಲೆ ಭಂಡಾರದ ಗಾತ್ರ ನೋಡಿದರೆ ಹೆಚ್ಚೇನೂ ಇಳಿದಿರಲಿಲ್ಲ. ಕಮಿಟ್ ಆದದ್ದನ್ನು ಅಳಿಸಿದರೂ ಇತಿಹಾಸದಲ್ಲಿ ಅದು ಇದ್ದೇ ಇರುತ್ತದೆ ಎಂದು ನಾನೇ ಪಾಠ ಮಾಡಿದ್ದೆನಲ್ಲ. ಪ್ರಯೋಗಾಲಯದ ಸಮಸ್ಯೆ ಬಗೆಹರಿದದ್ದು ಬೇರೆ ರೀತಿಯಲ್ಲಿ. ಇತಿಹಾಸ ಬೇಡ, ಕೊನೆಯ ಹಂತ ಮಾತ್ರ ಕೊಡು ಎಂದು ಗಿಟ್‌ಗೆ ಹೇಳಲು ಡೆಪ್ತ್ ಎಂಬ ಆಯ್ಕೆಯಿದೆ. ಅದಕ್ಕೆ 1 ಎಂದು ಕೊಟ್ಟು ಕ್ಲೋನ್ ಮಾಡಿದರೆ ಹಳೆಯ ವಿಡಿಯೊಗಳು ಬರುವುದೇ ಇಲ್ಲ. ಪೆನ್‌ಡ್ರೈವಿನ ಫೋಲ್ಡರಿನ ದಾರಿಯನ್ನು ಹಾಗೆಯೇ ಕೊಟ್ಟರೆ ಗಿಟ್ ಈ ಮಾತನ್ನು ಕೇಳುವುದಿಲ್ಲ, ಎಚ್ಚರಿಕೆಯೊಂದನ್ನು ಬರೆದು ಪೂರ್ತಿ ಪ್ರತಿಯನ್ನೇ ತೆಗೆಯುತ್ತದೆ. ದಾರಿಯ ಹಿಂದೆ ‘ಫೈಲ್’ ಎಂಬ ವಿಳಾಸದ ಗುರುತು ಸೇರಿಸಬೇಕು. ಮೊದಲ ವಾರವೇ ಇದನ್ನು ಮಾಡಿದ್ದರೆ ಒಂದು ಕಡತವನ್ನೂ ಮುಟ್ಟಬೇಕಾಗಿರಲಿಲ್ಲ.

46 ಕಡತಗಳು ಉಳಿದಿವೆ. ಅವನ್ನು ಅಳಿಸಿಲ್ಲ. ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆ ‘ಯಾರನ್ನು ಕೇಳಲಾಗಿದೆ’ ಎಂಬ ಕಾಲಂ ಇದೆ. 19ರ ಮುಂದೆ ಅದು ಖಾಲಿ. ಮುದ್ರಿತ ಪಟ್ಟಿಯನ್ನು ಪೆನ್‌ಡ್ರೈವಿನ ಜೊತೆಗೇ ಉಪಕರಣ ಕೊಠಡಿಯಲ್ಲಿ ಒಪ್ಪಿಸಿದ್ದೇನೆ. ಮುಂದಿನ ತಂಡದವರು ಸಹಿ ಹಾಕುವಾಗ ಎರಡೂ ಇವೆಯೇ ಎಂದು ನೋಡಿಕೊಳ್ಳಬೇಕು. ಹನ್ನೆರಡನೆಯ ಸಾಲಿನ ವಿಡಿಯೊ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ, ಫೋನಿನಲ್ಲಿ ತೆರೆಯುತ್ತದೆ. ಯಾವುದೋ ಶಾಲೆಯ ಅಂಗಳದಲ್ಲಿ ಮಕ್ಕಳು ನೆರಳು ಅಳೆಯುತ್ತಿದ್ದಾರೆ.